ಹೈಸ್ಕೂಲ್ ಹುಡುಗಿಗೆ ಮೂರು ಥರದ ಎಚ್‌ಬಿ: ಯಾವುದನ್ನು ನಂಬೋದು?

ಪ್ರಶ್ನೆ (ಟೀಚರ್, ಹಾವೇರಿ ಕಡೆ):
ಶಾಲೆಗೆ ಬಂದು ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಬೆರಳು ಚುಚ್ಚಿ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ನೋಡಿದರು. ಒಬ್ಬಳಿಗೆ ಡಿಜಿಟಲ್ ಮೀಟರ್‌ನಲ್ಲಿ 10.4. ಅವರಮ್ಮ ಗಾಬರಿಯಾಗಿ ಲ್ಯಾಬಿಗೆ ಕರೆದುಕೊಂಡು ಹೋದರು, ಅಲ್ಲಿ ಸಿಬಿಸಿಯಲ್ಲಿ (ರಕ್ತಕಣಗಳ ಪೂರ್ತಿ ಎಣಿಕೆ) 11.7. ಹೋದ ವರ್ಷ ಬಣ್ಣ ಹೊಂದಿಸಿ ನೋಡುವ ಸಾಹ್ಲಿ ಟ್ಯೂಬಿನಲ್ಲಿ 12 ಇತ್ತಂತೆ. ಏನಂತ ಹೇಳಲಿ?

ಉತ್ತರ (ಲ್ಯಾಬ್ ಟೆಕ್ನಿಷಿಯನ್):
ನನ್ನ ಓಟು 11.7ಕ್ಕೆ. ತೋಳಿನಿಂದ ತೆಗೆದ ರಕ್ತ, ಅನಲೈಸರ್ ಯಂತ್ರ ಓದಿದ್ದು. ಆದರೂ ರಕ್ತ ಕಡಿಮೆಯೇ. ಅವಳ ವಯಸ್ಸಿಗೆ ಡೆಸಿಲೀಟರ್ (100 ಮಿ.ಲೀ.) ರಕ್ತಕ್ಕೆ 12 ಗ್ರಾಂ ಇರಬೇಕು. 11ರಿಂದ 11.9 ಇದ್ದರೆ ಸೌಮ್ಯ ರಕ್ತಹೀನತೆ, 8ರಿಂದ 10.9 ಮಧ್ಯಮ. ಮೀಟರ್ ಅವಳನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿದೆ, ಅಷ್ಟೇ.

ತಪ್ಪು ಮೀಟರ್‌ದೇ ಅಂತಲ್ಲ. ಸಾಲು ಉದ್ದ ಇದ್ದಾಗ ಹನಿ ಬರಲಿಲ್ಲ ಅಂತ ಬೆರಳು ಹಿಂಡುತ್ತಾರೆ. ಆಗ ಮಾಂಸದೊಳಗಿನ ನೀರೂ ಸೇರಿ ರಕ್ತ ತೆಳುವಾಗುತ್ತದೆ. ಸ್ಪಿರಿಟ್ ಪೂರ್ತಿ ಒಣಗಬೇಕು, ಮೊದಲ ಹನಿ ಒರೆಸಬೇಕು, ಕ್ಯೂವೆಟ್ (ಮೀಟರ್‌ಗೆ ಹಾಕೋ ಪುಟ್ಟ ರಕ್ತದ ಪಟ್ಟಿ) ಒಂದೇ ಸಲಕ್ಕೆ ಗುಳ್ಳೆಯಿಲ್ಲದೆ ತುಂಬಬೇಕು. ಕ್ಯೂವೆಟ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಅದೂ ಕೆಡುತ್ತದೆ.

ಸಾಹ್ಲಿಯ 12 ಅನ್ನು ಮರೆತುಬಿಡಿ. 20 ಮೈಕ್ರೋಲೀಟರ್ ರಕ್ತ ಆಸಿಡ್‌ಗೆ ಹಾಕಿ ಹತ್ತು ನಿಮಿಷ ಕಾಯಬೇಕು. ಆಮೇಲೆ ಹನಿಹನಿ ನೀರು ಸೇರಿಸುತ್ತಾ ಪಕ್ಕದ ಕಂದು ಗಾಜಿಗೆ ಬಣ್ಣ ಹೊಂದಿಸಬೇಕು. ಅದು ಕಣ್ಣಳತೆ. ಕಿಟಕಿ ಹತ್ತಿರ ಒಂದು ಲೆಕ್ಕ, ಟ್ಯೂಬ್‌ಲೈಟ್ ಕೆಳಗೆ ಇನ್ನೊಂದು. ‘ಹೋದ ವರ್ಷಕ್ಕಿಂತ ಇಳಿದಿದೆ’ ಅಂತ ಇದರ ಮೇಲೆ ಹೇಳೋಕಾಗಲ್ಲ.

ಉತ್ತರ (ನರ್ಸ್, ಪಿಎಚ್‌ಸಿ):
ಹಾಗಂತ ಎಲ್ಲರಿಗೂ ಸಿಬಿಸಿ ಮಾಡಿಸೋದಾ? ತೋಳಿಗೆ ಸೂಜಿ ಅಂದರೆ ಮರುದಿನ ಅರ್ಧ ಕ್ಲಾಸ್ ಖಾಲಿ!

ಲ್ಯಾಬ್ ಟೆಕ್ನಿಷಿಯನ್:
ಬೇಡ ಮೇಡಂ. ಶಾಲೆಯಲ್ಲಿ ಮೀಟರೇ ಸರಿ. 12ರ ಆಸುಪಾಸು, ಅದಕ್ಕಿಂತ ಕೆಳಗೆ ಬಂದವರನ್ನು ಮಾತ್ರ ಸಿಬಿಸಿಗೆ ಕಳಿಸಿ. ದೇಶದ ಸರ್ವೇಗಳಲ್ಲೂ ಇದೇ ಕಥೆ. 2016–18ರ ಸಿಎನ್‌ಎನ್‌ಎಸ್ (ಮಕ್ಕಳ ಪೌಷ್ಟಿಕತೆಯ ರಾಷ್ಟ್ರೀಯ ಸರ್ವೇ) ತೋಳಿನ ರಕ್ತ ನೋಡಿತು, 10ರಿಂದ 19ರ ಹುಡುಗಿಯರಲ್ಲಿ ಶೇ. 40 ಜನರಿಗೆ ರಕ್ತ ಕಡಿಮೆ ಅಂದಿತು. 2019–21ರ ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ) ಬೆರಳು ಚುಚ್ಚಿ ನೋಡಿತು, 15ರಿಂದ 19ರವರಲ್ಲಿ ಶೇ. 59. ವಯಸ್ಸು ಬೇರೆ, ನಿಜ. ಆದರೆ ಇಷ್ಟು ಅಂತರ ಬರೀ ವಯಸ್ಸಿನಿಂದ ಬಂತು ಅಂದರೆ ನಾನಂತೂ ಒಪ್ಪಲ್ಲ.

ಟೀಚರ್:
ಅವಳ ರಿಪೋರ್ಟಿನಲ್ಲಿ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 71 ಅಂತಿದೆ. ಶಾಲೆಯಲ್ಲಿ ಕೊಡೋ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಸಾಕಲ್ವಾ?

ಲ್ಯಾಬ್ ಟೆಕ್ನಿಷಿಯನ್:
ಸಾಲಲ್ಲ. ಅದು ರಕ್ತ ಕಡಿಮೆ ಆಗದಿರಲಿ ಅಂತ ಕೊಡೋದು. 71 ಅಂದರೆ ಕಣಗಳು ಚಿಕ್ಕವು. ಕಬ್ಬಿಣದ ಕೊರತೆಯೇ ಇರೋ ಸಾಧ್ಯತೆ ಜಾಸ್ತಿ, ಥಲಸ್ಸೀಮಿಯಾ (ವಂಶದಿಂದ ಬರೋ ರಕ್ತದ ತೊಂದರೆ) ವಾಹಕಿಯೂ ಆಗಿರಬಹುದು. ಡಾಕ್ಟರಿಗೆ ತೋರಿಸಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ಪರೀಕ್ಷೆ ಬೇಕಾ ಅಂತ ಕೇಳಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ ಅನ್ನೋದನ್ನೂ ಅವರಮ್ಮ ಹೇಳಲಿ. ಮುಂದಿನ ಸಲವೂ ಅದೇ ಲ್ಯಾಬಿನಲ್ಲೇ ನೋಡಿಸಿ.