ಪದಚರ್ಚೆ: ಕಾರ್ಬೋರೇಟರ್ "ಒರಿಜಿನಲ್" ಅಂದರೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಇಂಗ್ಲಿಷ್ ಟಿಪ್ಪಣಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ಹದಿನೈದು ದಿನದಿಂದ ಅದರ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿದೆ. "ಒರಿಜಿನಲ್". ಅಸಲಿ, ಮೂಲ ಅಂತ ಬರೆದು ಮುಂದೆ ಹೋಗಬಹುದಲ್ವಾ ಅನ್ನಿಸಬಹುದು. ನಾನೂ ಹಾಗೇ ಶುರು ಮಾಡಿದೆ. ಎರಡನೇ ಪುಟದಲ್ಲೇ ಅರ್ಥ ಕೆಟ್ಟಿತು.

ನನ್ನ ಸೋದರಮಾವ ದಾವಣಗೆರೆಯಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿದವರು. ಅವರ ಮಗ ಮಿಷಿಗನ್‌ನಲ್ಲಿದ್ದಾನೆ. ಅಲ್ಲಿ 1969ರ ಶೆವ್ರೊಲೆ ಕ್ಯಾಮರೋ ಝಡ್/28 ಅನ್ನುವ ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ಜೋರು ಅಮೆರಿಕನ್ ಕಾರು, ಒಂದನ್ನು ಮೊದಲಿದ್ದ ಹಾಗೇ ನಿಲ್ಲಿಸಲು ಓಡಾಡುತ್ತಿದ್ದಾನೆ. ಅದರ ಕಾರ್ಬೋರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದ ಬಗ್ಗೆ ಇಂಗ್ಲಿಷ್‌ನಲ್ಲಿ ಉದ್ದದ ಟಿಪ್ಪಣಿ ಬರೆದಿದ್ದಾನೆ. ಅದನ್ನು ಮಾವನಿಗೆ ಓದಲು ಕನ್ನಡಕ್ಕೆ ತರುವ ಕೆಲಸ ನನ್ನದು. (ಮಸಲ್ ಕಾರು ಅಂದರೆ ಏನು ಅಂತ ಹೇಳಿದ ಕೂಡಲೇ ಮಾವ "ಪೈಲ್ವಾನ್ ಗಾಡಿ ಅನ್ನು" ಅಂದರು. ಆ ಪದ ಅಲ್ಲಿಗೆ ತೀರ್ಮಾನವಾಯಿತು.)

ತೊಡಕು ಬಂದದ್ದು ಇಲ್ಲಿ. ಹುಡುಗ ಒಬ್ಬ ಮಾರಾಟಗಾರನಿಂದ "ಒರಿಜಿನಲ್ ಹಾಲಿ ಕಾರ್ಬೋರೇಟರ್" ಕೊಂಡ. ಹಾಲಿ (Holley) ಅನ್ನುವುದು ಕಾರ್ಬೋರೇಟರ್ ಮಾಡುವ ಕಂಪನಿಯ ಹೆಸರು. ಆ ಕಾರಿಗೆ ಬೇಕಾದದ್ದು ಹಾಲಿಯ ಲಿಸ್ಟ್ 4053 (ಲಿಸ್ಟ್ ಅಂದರೆ ಕಾರ್ಬೋರೇಟರ್ ಯಾವ ಮಾದರಿಯದು ಅಂತ ಹೇಳುವ ಕಂಪನಿಯ ನಂಬರ್). ಬಂದದ್ದರ ಮೇಲೂ ಲಿಸ್ಟ್ 4053 ಅಂತಲೇ ಇತ್ತು. ಆದರೆ ಅದರ ಕೆಳಗೆ 1234 ಅಂತ ನಾಲ್ಕು ಅಂಕಿ. ಹಾಲಿಯವರು 1960ರ ದಶಕದಲ್ಲಿ ತಯಾರಿಯ ಕಾಲವನ್ನು ಮೂರೇ ಗುರುತಿನಲ್ಲಿ ಹೇಳುತ್ತಿದ್ದರು. ಮೊದಲನೆಯದು ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು, ಮೂರನೆಯದು ವಾರ. 923 ಅಂದರೆ 1969ರ ಫೆಬ್ರವರಿಯ ಮೂರನೇ ವಾರ. ನಾಲ್ಕು ಅಂಕಿ ಬಂದದ್ದು 1973ರ ಸುಮಾರಿಗೆ. ಅದರಲ್ಲಿ ಮೊದಲ ಮೂರು ಅಂಕಿ ವರ್ಷದ ಎಷ್ಟನೇ ದಿನ ಅನ್ನುವುದು, ಕೊನೆಯದು ವರ್ಷ. ಹಾಗಾಗಿ 1234 ಅಂದರೆ 4ರಲ್ಲಿ ಮುಗಿಯುವ ವರ್ಷದ 123ನೇ ದಿನ. 1974 ಇರಬಹುದು, 1984 ಇರಬಹುದು. ಏನೇ ಆದರೂ 1969ರಲ್ಲಿ ರಸ್ತೆಗಿಳಿದ ಕಾರಿನ ಜೊತೆ ಬಂದಿರಲು ಸಾಧ್ಯವಿಲ್ಲ.

ಮಾರಿದವನು ಸುಳ್ಳು ಹೇಳಿದನೇ? ಹೇಳಿದ ಅನ್ನುವುದು ಕಷ್ಟ. ಹಾಲಿಯವರೇ ಮಾಡಿದ್ದು, ನಂಬರೂ ಸರಿ. ಅವನ ಬಾಯಲ್ಲಿ ಒರಿಜಿನಲ್ ಅಂದರೆ "ಕಂಪನಿದು". ನಮ್ಮ ಹುಡುಗನ ಕಿವಿಯಲ್ಲಿ ಒರಿಜಿನಲ್ ಅಂದರೆ "ಈ ಕಾರಿನ ಕಾಲದ್ದು". ಒಂದು ಪದ ಇಬ್ಬರಿಗೆ ಎರಡು ಅರ್ಥ ಕೊಟ್ಟಿತು, ದುಡ್ಡು ಹೋಯಿತು.

ಇದನ್ನು ಓದಿ ಹೇಳಿದಾಗ ಮಾವ ತಕ್ಷಣ ಬಿಡಿಸಿಟ್ಟರು. ಅವರ ಗ್ಯಾರೇಜಿನಲ್ಲಿ "ಕಂಪನಿದು" ಬೇರೆ, "ಗಾಡಿ ಜೊತೆ ಬಂದಿದ್ದು" ಬೇರೆ. ಹಳೇ ಬೈಕ್ ಕೊಳ್ಳುವಾಗ "ಕಾರ್ಬೋರೇಟರ್ ಗಾಡಿ ಜೊತೆ ಬಂದಿದ್ದೇನಾ?" ಅಂತಲೇ ಕೇಳುತ್ತಿದ್ದರಂತೆ. ಎಷ್ಟು ಚೊಕ್ಕವಾಗಿದೆ ನೋಡಿ. ಇಂಗ್ಲಿಷ್‌ನ ಆ ಒಂದು ಪದ ಮುಚ್ಚಿಟ್ಟದ್ದನ್ನು ನಮ್ಮ ಗ್ಯಾರೇಜಿನ ಮಾತು ಮೊದಲೇ ಬೇರೆ ಮಾಡಿಟ್ಟಿದೆ. ಆದರೆ ಬರಹದಲ್ಲಿ "ಗಾಡಿ ಜೊತೆ ಬಂದ ಕಾರ್ಬೋರೇಟರ್" ಅಂತ ಪ್ರತಿ ಸಾಲಿನಲ್ಲೂ ಬರೆಯಲು ಆಗುವುದಿಲ್ಲ. ಒಂದೇ ಪದ ಬೇಕು.

ನನಗೆ ಮೊದಲು ಹೊಳೆದದ್ದು "ಒಡಹುಟ್ಟಿದ". ಕೇಳಲು ಚೆಂದ. ಆದರೆ ಅರ್ಥ ಕೂಡಲಿಲ್ಲ. ಕಾರು ಶೆವ್ರೊಲೆಯವರದು, ಕಾರ್ಬೋರೇಟರ್ ಹಾಲಿಯವರದು. ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಕಾರ್ಬೋರೇಟರ್ ಮೊದಲೇ ತಯಾರಾಗಿ, ಆಮೇಲೆ ಕಾರು ಜೋಡಿಸುವ ಕಾರ್ಖಾನೆಗೆ ಹೋಗುತ್ತದೆ. ಅದಕ್ಕೇ ತಿಳಿದವರು ಎರಡರ ತಾರೀಖನ್ನೂ ಹೋಲಿಸಿ ನೋಡುವುದು. ಕಾರ್ಬೋರೇಟರ್ ತಾರೀಖು ಕಾರಿನದಕ್ಕಿಂತ ಸ್ವಲ್ಪ ಹಿಂದಿರಬೇಕು. ಒಂದು ದಿನ ಮುಂದಿದ್ದರೂ ಕಥೆ ಮುಗಿಯಿತು. ಸದ್ಯಕ್ಕೆ "ಜೊತೆಬಂದ" ಅಂತ ಒಟ್ಟಾಗಿ ಬರೆಯುತ್ತಿದ್ದೇನೆ: ಜೊತೆಬಂದ ಕಾರ್ಬೋರೇಟರ್, ಜೊತೆಬಂದ ಚೋಕ್. ಓದಲು ಸರಿಯೆನಿಸುತ್ತದೆಯೇ, ನೀವು ಹೇಳಬೇಕು.

ಇನ್ನೊಂದು ಬಗೆ ಇದೆ. ಅದೇ ಕಾಲದಲ್ಲಿ ತಯಾರಾಗಿ, ಯಾವ ಕಾರಿಗೂ ಏರದೆ ಡಬ್ಬಿಯಲ್ಲೇ ಉಳಿದ ಭಾಗ. ಇದಕ್ಕೆ "ಡಬ್ಬಿ ಒಡೆಯದ ಹಳೇ ಮಾಲು" ಅಂದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ಈಗ ಹೊಸದಾಗಿ, ಹಳೆಯದರ ಹಾಗೇ ಮಾಡಿ ಮಾರುವ ಭಾಗಗಳ ಬಗ್ಗೆ. "ನಕಲಿ" ಅನ್ನಲು ಮನಸ್ಸು ಒಪ್ಪುವುದಿಲ್ಲ. ನಕಲಿಯಲ್ಲಿ ಮೋಸದ ವಾಸನೆ ಇದೆ. ಇದು ಹೊಸದು ಅಂತ ಹೇಳಿಯೇ ಮಾರುವವನನ್ನು ಹಾಗೆ ಕರೆಯಬಾರದು. ನಮ್ಮಲ್ಲಿ "ಪಡಿಯಚ್ಚು" ಅನ್ನುವ ಹಳೆಯ ಪದ ಇದೆ. ಅಪ್ಪನ ಪಡಿಯಚ್ಚು ಅಂತೀವಲ್ಲ, ಅದೇ. ಇವು ಲೋಹವನ್ನು ಅಚ್ಚಿಗೆ ಹಾಕಿ ಮಾಡುವ ಭಾಗಗಳೇ ಆದ್ದರಿಂದ ಅಚ್ಚು ಅನ್ನುವುದು ಇಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ. ಅದರ ಮೇಲೆ ಹಳೇ ತಾರೀಖು ಗುದ್ದಿ ಜೊತೆಬಂದದ್ದು ಅಂತ ಮಾರಿದರೆ, ಆಗ ಅದು ನಕಲಿ. ಎರಡೂ ಪದ ಉಳಿಯಲಿ, ತಂತಮ್ಮ ಜಾಗದಲ್ಲಿ.

ಗುದ್ದುವುದು ಅಂದೆ, ಅಲ್ಲೂ ಒಂದು ಪ್ರಶ್ನೆ ಇದೆ. ಕಾರ್ಬೋರೇಟರ್ ಮೇಲೆ ಎರಡು ತರದ ನಂಬರ್ ಇರುತ್ತವೆ. ಎರಕದಲ್ಲೇ ಮೂಡಿ ಉಬ್ಬಿ ನಿಂತದ್ದು ಒಂದು. ಆಮೇಲೆ ಒತ್ತಿದ್ದು, ಅಂದರೆ ಒಳಕ್ಕೆ ತಗ್ಗಿದ್ದು, ಇನ್ನೊಂದು. ಹಾಲಿಯ ಮೈ ಮೇಲೆ 6ಆರ್ ಅಂತ ಶುರುವಾಗುವ ಉಬ್ಬು ನಂಬರ್ ಎದ್ದು ಕಾಣುತ್ತದೆ. ಹೊಸಬರು ಅದನ್ನೇ ಹಿಡಿದು ಹುಡುಕುತ್ತಾರೆ. ಅದು ಬರೀ ಎರಕದ ನಂಬರ್. ಒಂದೇ ಎರಕ ಎಷ್ಟೋ ಬೇರೆ ಬೇರೆ ಕಾರ್ಬೋರೇಟರ್‌ಗೆ ಮೈಯಾಗಿರುತ್ತದೆ. ಗುರುತು ಹಿಡಿಯಲು ಬೇಕಾದದ್ದು ಚೋಕ್ ಪಕ್ಕದ ಗೋಡೆಯ ಮೇಲೆ ಒತ್ತಿದ ಲಿಸ್ಟ್ ನಂಬರ್. ಬೇರೆ ಕಂಪನಿಗಳದ್ದು ಬೇರೆ ರೀತಿ: ರಾಚೆಸ್ಟರ್ ಕಂಪನಿಯ ಕ್ವಾಡ್ರಾಜೆಟ್ ಕಾರ್ಬೋರೇಟರ್ ಆದರೆ ಮೈಯ ಪಕ್ಕದಲ್ಲಿ ನಿಲುವಾಗಿ ಒತ್ತಿರುತ್ತಾರೆ, 1969ರದು 7029ರಿಂದ ಶುರು. ಕಾರ್ಟರ್ ಕಂಪನಿಯದರಲ್ಲಿ ಒಂದು ಸ್ಕ್ರೂ ಕೆಳಗೆ ಸಿಕ್ಕಿಸಿದ ಹಿತ್ತಾಳೆ ಬಿಲ್ಲೆ ಇರುತ್ತದೆ. ಯಾರೋ ಬಿಚ್ಚಿ ಸರ್ವಿಸ್ ಮಾಡುವಾಗ ಅದು ಕಳೆದುಹೋಗುವುದೇ ಜಾಸ್ತಿ. "ಉಬ್ಬು ನಂಬರ್, ಒತ್ತು ನಂಬರ್" ಅಂತ ಜೋಡಿ ಮಾಡಿದ್ದೇನೆ. ಮಾವ "ಪಂಚ್ ನಂಬರ್" ಅನ್ನುತ್ತಾರೆ, ಚಾಸಿ ನಂಬರಿಗೆ ಅನ್ನುವ ಹಾಗೆ. ಪಂಚ್ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಉಬ್ಬು ಪಕ್ಕದಲ್ಲಿ ಒತ್ತು ಇದ್ದರೆ, ಬೆರಳು ಸವರಿ ನೋಡಿದಷ್ಟೇ ಸುಲಭವಾಗಿ ವ್ಯತ್ಯಾಸ ಗೊತ್ತಾಗುತ್ತದೆ ಅಂತ ನನ್ನ ಆಸೆ.

ಕೊನೆಯದು ಚಿಕ್ಕದು. ಫೋರ್ ಬ್ಯಾರಲ್ ಕಾರ್ಬೋರೇಟರ್‌ಗೆ "ನಾಲ್ಕು ಪೀಪಾಯಿ" ಅಂತ ದಯವಿಟ್ಟು ಯಾರೂ ಬರೆಯಬೇಡಿ. ಅಲ್ಲಿ ಏನನ್ನೂ ತುಂಬಿಡುವುದಿಲ್ಲ. ಗಾಳಿ ಇಳಿಯುವ, ನಡುವೆ ಕಿರಿದಾಗುವ ದಾರಿ ಅದು. ಆ ಕಿರಿದಾದ ಕಡೆ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಪೆಟ್ರೋಲ್ ಹೊರಬರುತ್ತದೆ. "ಗಂಟಲು" ಅಂದರೆ ಎಲ್ಲವೂ ಅದರಲ್ಲೇ ಬಂತು. ಎರಡು ಗಂಟಲು ಸದಾ ಕೆಲಸ ಮಾಡುತ್ತವೆ, ಜೋರಾಗಿ ತುಳಿದಾಗ ಇನ್ನೆರಡು ತೆರೆಯುತ್ತವೆ.

ಈ ಭಾನುವಾರ ಮಾವನಿಗೆ ಓದಿ ಹೇಳಬೇಕು. ಅದಕ್ಕೆ ಮುಂಚೆ ನಿಮ್ಮನ್ನು ಕೇಳುವುದು ಇಷ್ಟೇ. ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ, ಗಾಡಿ ಕೊಂಡ ದಿನದಿಂದ ಬದಲಾಗದೇ ಇರುವ ಭಾಗಕ್ಕೆ ಏನನ್ನುತ್ತಾರೆ? "ಕಂಪನಿದು", "ಅಸಲಿ" ಬಿಟ್ಟು ಬೇರೆ ಮಾತು ಕೇಳಿದ್ದರೆ, ಹೇಳಿದವರು ಯಾವ ಸಂದರ್ಭದಲ್ಲಿ ಹೇಳಿದರು ಅನ್ನುವುದನ್ನೂ ಸೇರಿಸಿ ಬರೆಯಿರಿ.