ಒಂದು ಪೈಲ್ 4 ಮಿ.ಮೀ. ಇಳಿದರೆ ಹದಿನಾರು ಪೈಲ್‌ಗಳ ಗುಂಪು ಎಷ್ಟು ಇಳಿಯುತ್ತದೆ?

ಅಳಿವೆ_ಸಿವಿಲ್: ಕರಾವಳಿಯಲ್ಲಿ, ಅಳಿವೆಗೆ ಹತ್ತಿರದ ಒಂದು ಸೈಟ್‌ನಲ್ಲಿದ್ದೇನೆ. ಲಿಫ್ಟ್ ಗೋಡೆಗಳ ಕೆಳಗೆ ನಾಲ್ಕು ಸಾಲಿನಲ್ಲಿ ನಾಲ್ಕರಂತೆ 16 ಪೈಲ್‌ಗಳಿವೆ (ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳು). ವ್ಯಾಸ 600 ಮಿ.ಮೀ., ಉದ್ದ 18 ಮೀ., ಮಧ್ಯದಿಂದ ಮಧ್ಯಕ್ಕೆ ಅಂತರ 1.8 ಮೀ. ಪ್ರತಿ ಪೈಲ್‌ಗೆ 800 ಕಿಲೊನ್ಯೂಟನ್ ಭಾರ. ಲೋಡ್ ಟೆಸ್ಟ್‌ನಲ್ಲಿ ಅಷ್ಟೇ ಭಾರಕ್ಕೆ ಪೈಲ್ 4 ಮಿ.ಮೀ. ಇಳಿಯಿತು, ಒಂದೂವರೆ ಪಟ್ಟು ಭಾರಕ್ಕೆ 7 ಮಿ.ಮೀ. ಪೈಲ್ ತುದಿ ಗಟ್ಟಿ ಮರಳಿನಲ್ಲಿದೆ, ಅಲ್ಲಿ ಎನ್ ಮೌಲ್ಯ (ಮಣ್ಣಿನ ಗಟ್ಟಿತನ ತೋರಿಸುವ ಸುತ್ತಿಗೆ ಹೊಡೆತಗಳ ಎಣಿಕೆ) 50 ದಾಟಿದೆ. ಹಾಗಾಗಿ ಗುಂಪಿನ ಇಳಿತಕ್ಕೆ ಬೇರೆ ಲೆಕ್ಕ ಬೇಡ ಎಂದು ಕನ್ಸಲ್ಟೆಂಟ್ ಬರೆದುಕೊಟ್ಟಿದ್ದಾರೆ. ಆದರೆ ಮೂರು ಬೋರ್‌ಹೋಲ್‌ಗಳಲ್ಲಿ ಎರಡು 20 ಮೀಟರಿಗೇ ನಿಂತಿವೆ. 26 ಮೀಟರಿನವರೆಗೆ ಹೋದ ಒಂದರಲ್ಲಿ ಮಾತ್ರ 21ರಿಂದ 25 ಮೀಟರಿನ ನಡುವೆ ಬೂದು ಬಣ್ಣದ ಜೇಡಿಮಣ್ಣು ಸಿಕ್ಕಿದೆ. ಬಲ್ಲವರು ಹೇಳಿ, ಇದನ್ನು ಬಿಟ್ಟುಬಿಡಬಹುದೇ?

ಹೆಬ್ಬಂಡೆ: ಟೆಸ್ಟ್ ಪಾಸಾಗಿದೆ. ಪೈಲ್‌ಗಳ ಭಾರತೀಯ ಮಾನಕ ಐಎಸ್ 2911ರಲ್ಲಿ ಒಂಟಿ ಪೈಲ್‌ಗೆ ಒಂದೂವರೆ ಪಟ್ಟು ಭಾರದಲ್ಲಿ 12 ಮಿ.ಮೀ. ಅಳತೆ ಇದೆ, ನಿಮ್ಮದು 7 ಮಾತ್ರ. ಬೆಂಗಳೂರಿನಲ್ಲಿ ಎಷ್ಟೋ ಕಟ್ಟಡಗಳಿಗೆ ಪೈಲ್ ಹಾಕಿಸಿದ್ದೇನೆ, ಗುಂಪಿನ ಇಳಿತ ಎಂದು ತಲೆ ಕೆಡಿಸಿಕೊಂಡಿಲ್ಲ. ಗುಂಪಿನ ಲೆಕ್ಕ ಬೇಕೇಬೇಕು ಎಂದಿದ್ದರೆ, ಒಂಟಿ ಪೈಲ್ ಇಳಿತದಿಂದ ಗುಂಪಿನ ಇಳಿತ ಅಂದಾಜಿಸುವ ಸ್ಕೆಂಪ್ಟನ್ ಸೂತ್ರ ಹಾಕಿ. ಗುಂಪಿನ ಅಗಲ 6 ಮೀ. ಎಂದರೆ ಒಂಟಿ ಪೈಲ್ ಇಳಿತದ ಸುಮಾರು 7.7 ಪಟ್ಟು, ಅಂದರೆ 31 ಮಿ.ಮೀ. ಯಾವ ಕಟ್ಟಡವೂ ತಡೆಯುತ್ತದೆ.

ಲೆಕ್ಕದ_ಹಾಳೆ: ಹೆಬ್ಬಂಡೆಯವರೇ, ಬೆಂಗಳೂರಿನಲ್ಲಿ ನಿಮ್ಮ ಪೈಲ್ ಕೂರುವುದು ನೈಸ್ ಎಂಬ ಗಟ್ಟಿ ಶಿಲೆಯ ಬಂಡೆಯ ಮೇಲೆ. ಬಂಡೆಯ ಕೆಳಗೂ ಬಂಡೆಯೇ ಇರುವುದರಿಂದ ನಿಮ್ಮ ಅನುಭವ ಅಲ್ಲಿಗೆ ಸರಿ. ಸ್ಕೆಂಪ್ಟನ್ ಸೂತ್ರ ಹುಟ್ಟಿದ್ದು ಮರಳಿಗಾಗಿ. ಅದಕ್ಕೆ ಕೆಳಗಿನ ಜೇಡಿಪದರ ಕಾಣುವುದೇ ಇಲ್ಲ.

ಒಂಟಿ ಪೈಲ್ ಟೆಸ್ಟ್ ಹೇಳುವುದು ಆ ಪೈಲ್‌ನ ಸುತ್ತಲಿನ ಮತ್ತು ತುದಿಯ ಕೆಳಗಿನ ಒಂದೆರಡು ಮೀಟರ್ ಮಣ್ಣಿನ ಕಥೆಯನ್ನು. ಗುಂಪಿನ ಒತ್ತಡವಾದರೋ ಗುಂಪಿನ ಅಗಲಕ್ಕೆ ತಕ್ಕಂತೆ ಆಳಕ್ಕೆ ಹೋಗುತ್ತದೆ. ಕೈಲೆಕ್ಕಕ್ಕೆ ಸಮಾನ ರಾಫ್ಟ್ ವಿಧಾನ ಸಾಕು, ಅಂದರೆ ಪೈಲ್ ಗುಂಪಿನ ಬದಲು ಆಳದಲ್ಲಿ ಒಂದೇ ಕಾಂಕ್ರೀಟ್ ಹಾಸು ಇದೆ ಎಂದು ಊಹಿಸುವುದು. ಪೈಲ್ ಉದ್ದದ ಮೂರನೇ ಎರಡು ಭಾಗದಲ್ಲಿ, ಅಂದರೆ 12 ಮೀ. ಆಳದಲ್ಲಿ, 6×6 ಮೀಟರಿನ ರಾಫ್ಟ್ ಇದೆ ಎಂದುಕೊಳ್ಳಿ. ಒಟ್ಟು ಭಾರ 12,800 ಕಿಲೊನ್ಯೂಟನ್. ಜೇಡಿಪದರದ ನಡು 23 ಮೀ., ರಾಫ್ಟ್‌ನಿಂದ 11 ಮೀ. ಕೆಳಗೆ. ಎರಡಕ್ಕೆ ಒಂದರಂತೆ (ಎರಡು ಮೀ. ಆಳಕ್ಕೆ ಪ್ರತಿ ಬದಿಗೆ ಒಂದು ಮೀ.) ಹರಡಿದರೆ ಅಲ್ಲಿ ಭಾರ 17×17 ಮೀಟರಿನ ಮೇಲೆ ಬೀಳುತ್ತದೆ, ಹೆಚ್ಚುವ ಒತ್ತಡ 44 ಕಿಲೊಪಾಸ್ಕಲ್. ಆ ಆಳದಲ್ಲಿ ಮೊದಲೇ ಇರುವ ಒತ್ತಡ 200 ಎಂದೂ, ಸಂಕೋಚನ ಸೂಚ್ಯಂಕ (ಮಣ್ಣು ಎಷ್ಟು ಹಿಸುಕಿಕೊಳ್ಳುತ್ತದೆ ಎಂಬ ಅಳತೆ) 0.4, ರಂಧ್ರಾನುಪಾತ (ಮಣ್ಣಿನ ಕಣಗಳಿಗೆ ಹೋಲಿಸಿದರೆ ನಡುವಿನ ಖಾಲಿ ಜಾಗ) 1.1 ಎಂದೂ ಹಿಡಿದರೆ 4 ಮೀ. ದಪ್ಪದ ಆ ಪದರವೊಂದೇ 66 ಮಿ.ಮೀ. ಇಳಿಯುತ್ತದೆ.

ಟೆಸ್ಟ್‌ನಲ್ಲಿ ಇದು ಕಾಣಲಿಲ್ಲ ಏಕೆ? ಒಂಟಿ ಪೈಲ್‌ಗೆ ಇದೇ ಲೆಕ್ಕ ಹಾಕಿದರೆ ಆ ಪದರಕ್ಕೆ ತಲುಪುವುದು 6 ಕಿಲೊಪಾಸ್ಕಲ್. ಅದೂ ಟೆಸ್ಟ್ ನಡೆಯುವ ಒಂದೆರಡು ದಿನ ಮಾತ್ರ. ಜೇಡಿಮಣ್ಣಿನಿಂದ ನೀರು ಹೊರಬರಲು ವರ್ಷಗಳು ಬೇಕು. ಮೇಲೆ ಕೆಳಗೆ ಎರಡೂ ಕಡೆ ಮರಳಿದ್ದು, ನೀರು ಹೊರಬಂದು ಮಣ್ಣು ಇಳಿಯುವ ವೇಗದ ಗುಣಾಂಕ ವರ್ಷಕ್ಕೆ 1 ಚದರ ಮೀ. ಇದ್ದರೆ ಶೇ. 90ರಷ್ಟು ಇಳಿತಕ್ಕೆ ಸುಮಾರು ಮೂರೂವರೆ ವರ್ಷ. ಅಷ್ಟರಲ್ಲಿ ಮನೆಗಳಲ್ಲಿ ಜನ ಇರುತ್ತಾರೆ.

ಹೆಬ್ಬಂಡೆ: 0.4 ಎಂಬ ಅಂಕಿ ಎಲ್ಲಿಂದ ಬಂತು? ಅವರ ಬಳಿ ಜೇಡಿಮಣ್ಣಿನ ಪರೀಕ್ಷೆಯೇ ಇಲ್ಲ. ಊಹೆಯ ಅಂಕಿ ಇಟ್ಟುಕೊಂಡು ಜನರನ್ನು ಹೆದರಿಸಬಾರದು. ರಾಫ್ಟ್ 12 ಮೀಟರಿನಲ್ಲೇ ಏಕಿರಬೇಕು ಎಂಬುದನ್ನೂ ಹೇಳಿ.

ಲೆಕ್ಕದ_ಹಾಳೆ: ಎರಡೂ ಪ್ರಶ್ನೆ ಸರಿಯಾದವೇ. ರಾಫ್ಟ್ ಜಾಗ ಬದಲಿಸಿ ನೋಡೋಣ. ಪೈಲ್ ಬದಿಯ ಘರ್ಷಣೆಯಿಂದ 12 ಮೀಟರಿನವರೆಗೆ ಭಾರ ನಾಲ್ಕಕ್ಕೆ ಒಂದರಂತೆ ಹರಡುತ್ತದೆ ಎಂದರೆ ರಾಫ್ಟ್ 12×12 ಆಗುತ್ತದೆ, ಇಳಿತ 38 ಮಿ.ಮೀ.ಗೆ ತಗ್ಗುತ್ತದೆ. ಮೇಲಿನ ಮಣ್ಣು ಸಡಿಲವಾಗಿದ್ದು ಭಾರವೆಲ್ಲ ತುದಿಯ ಮರಳಿಗೇ ಹೋಗುತ್ತದೆ ಎಂದರೆ ರಾಫ್ಟ್ 18 ಮೀಟರಿನಲ್ಲಿ ಕೂರಬೇಕು, ಆಗ 140 ಮಿ.ಮೀ. ಇನ್ನು ಆ ಜೇಡಿ ಹಿಂದೊಮ್ಮೆ ಇದಕ್ಕಿಂತ ಹೆಚ್ಚಿನ ಒತ್ತಡ ಕಂಡ ಮಣ್ಣಾಗಿದ್ದರೆ 0.4ರ ಬದಲು ಮರುಸಂಕೋಚನದ 0.06 ಹಾಕಬಹುದು, ಆಗ 66 ಇಳಿದು 10 ಆಗುತ್ತದೆ. ನಾನು ಹೆದರಿಸುತ್ತಿಲ್ಲ. 10ರಿಂದ 140ರವರೆಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಲೋಡ್ ಟೆಸ್ಟ್ ಹೇಳುವುದಿಲ್ಲ, ಆ ಬೂದು ಮಣ್ಣಿನ ಸ್ಯಾಂಪಲ್ ಹೇಳುತ್ತದೆ.

ಬೇ_ಏರಿಯಾ_ಕನ್ನಡಿಗ: ನಾನಿರುವ ಕಡೆ ಇದಕ್ಕೆ 58 ಮಹಡಿಯ ಸಾಕ್ಷಿಯೇ ನಿಂತಿದೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಲೇನಿಯಂ ಟವರ್ 2009ರಲ್ಲಿ ಮುಗಿಯಿತು. ಸುಮಾರು 3 ಮೀ. ದಪ್ಪದ ಕಾಂಕ್ರೀಟ್ ಹಾಸು, ಅದರ ಕೆಳಗೆ ಒಂಬೈನೂರಕ್ಕೂ ಹೆಚ್ಚು ಪೈಲ್‌ಗಳು. ಅವು ಕೋಲ್ಮಾ ಎಂಬ ಗಟ್ಟಿ ಮರಳಿನಲ್ಲಿ ನಿಂತವು. ಮರಳಿನ ಕೆಳಗೆ ಹಳೆಯ ಕೊಲ್ಲಿ ಜೇಡಿಯ ದಪ್ಪ ಪದರ, ಬಂಡೆ ಇನ್ನೂ ಕೆಳಗೆ. ಪೈಲ್‌ಗಳು ಮುರಿಯಲಿಲ್ಲ, ಮರಳೂ ಸೋಲಲಿಲ್ಲ. ಅಂದಾಜಿದ್ದದ್ದು ಆರು ಇಂಚಿನೊಳಗೆ, 2016ರ ಹೊತ್ತಿಗೆ ಇಳಿದದ್ದು ಸುಮಾರು 16 ಇಂಚು. ಜೊತೆಗೆ ಕಟ್ಟಡ ಒಂದು ಕಡೆಗೆ ವಾಲಿತು. ಪಕ್ಕದ ಸಾರಿಗೆ ಕೇಂದ್ರಕ್ಕಾಗಿ ಅಗೆದು ನೀರು ಎತ್ತಿದ್ದೇ ಕಾರಣ ಎಂದು ಕಟ್ಟಿದವರು ವಾದಿಸಿದರು. ಅದರ ಪಾಲು ಎಷ್ಟೇ ಇರಲಿ, ಹಿಸುಕಿಕೊಂಡದ್ದು ಆ ಜೇಡಿಯೇ. ಬಂಡೆಯವರೆಗೆ 52 ಹೊಸ ಪೈಲ್ ಇಳಿಸುವ ಯೋಜನೆಯೊಂದಿಗೆ ದುರಸ್ತಿ ಶುರುವಾಯಿತು. 2021ರಲ್ಲಿ ಆ ಕೆಲಸದ ನಡುವೆಯೇ ಕಟ್ಟಡ ಮತ್ತಷ್ಟು ಇಳಿದದ್ದರಿಂದ ನಿಲ್ಲಿಸಿ, ಕೊನೆಗೆ 18 ಪೈಲ್‌ಗೆ ಇಳಿಸಿ 2023ರಲ್ಲಿ ಮುಗಿಸಿದರು.

ಹೆಬ್ಬಂಡೆ: ಅದು ಗಗನಚುಂಬಿ, ಇದು ಸಾಮಾನ್ಯ ಅಪಾರ್ಟ್‌ಮೆಂಟ್. ಇಡೀ ಕಟ್ಟಡ ಒಟ್ಟಾಗಿ 40 ಮಿ.ಮೀ. ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕದ_ಹಾಳೆ: ಒಟ್ಟಾಗಿ ಇಳಿದರೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಲಿಫ್ಟ್ ಕೆಳಗೆ 16 ಪೈಲ್, ಪಕ್ಕದ ಕಂಬದ ಕೆಳಗೆ ಬಹುಶಃ ನಾಲ್ಕು ಇರುತ್ತವೆ. ನಾಲ್ಕರ ಗುಂಪಿಗೆ ಮೇಲಿನ 66ರ ಲೆಕ್ಕವನ್ನೇ ಹಾಕಿದೆ, 28 ಮಿ.ಮೀ. ಬಂತು. ಪ್ರತಿ ಪೈಲ್‌ನ ಭಾರ ಒಂದೇ ಆದರೂ ಇಳಿತದ ವ್ಯತ್ಯಾಸ 38 ಮಿ.ಮೀ. ಕಂಬಗಳ ಅಂತರ 7 ಮೀ. ಎಂದರೆ ಇಳಿಜಾರು ಸುಮಾರು 184ಕ್ಕೆ ಒಂದು. ಗೋಡೆಗಳು ಬಿರುಕು ಬಿಡಲು 300ಕ್ಕೆ ಒಂದೇ ಸಾಕು. ಅಕ್ಕಪಕ್ಕದ ಗುಂಪುಗಳ ಒತ್ತಡ ಒಂದರ ಮೇಲೊಂದು ಬೀಳುವುದನ್ನು ಸೇರಿಸಿದರೆ ಎರಡೂ ಅಂಕಿ ಏರುತ್ತವೆ, ವ್ಯತ್ಯಾಸ ಸ್ವಲ್ಪ ತಗ್ಗಬಹುದು. ಅದನ್ನು ಸಾಫ್ಟ್‌ವೇರ್‌ನಲ್ಲಿ ನೋಡಲಿ. ಐಎಸ್ 8009ರ ಎರಡನೇ ಭಾಗ ಇರುವುದೇ ಆಳದ ತಳಪಾಯಗಳ ಇಳಿತದ ಲೆಕ್ಕಕ್ಕೆ. 1980ರಿಂದಲೂ ಇದೆ. ಅದನ್ನು ಯಾರೂ ಬಿಡಿಸಿ ನೋಡುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ರಿಗ್_ಮೇಸ್ತ್ರಿ: ಮೇಡಂ, ಒಂದು ಪ್ರಶ್ನೆ. ಸೈಟ್ ಎತ್ತರಿಸಲು ಮಣ್ಣು ತುಂಬಿಸಿದ್ದೀರಾ? ಕರಾವಳಿಯಲ್ಲಿ ಮಳೆನೀರು ನಿಲ್ಲಬಾರದೆಂದು ಎಲ್ಲರೂ ಕೆಂಪುಮಣ್ಣು ತುಂಬಿಸುತ್ತಾರೆ.

ಅಳಿವೆ_ಸಿವಿಲ್: ಹೌದು. ಕಳೆದ ಬೇಸಿಗೆಯಲ್ಲಿ ಇಡೀ ಜಾಗಕ್ಕೆ 2 ಮೀ. ತುಂಬಿಸಿದ್ದಾರೆ.

ಲೆಕ್ಕದ_ಹಾಳೆ: ಹಾಗಾದರೆ ಅದೂ ಲೆಕ್ಕಕ್ಕೆ ಬರಬೇಕು. 2 ಮೀ. ಮಣ್ಣು ಎಂದರೆ 36 ಕಿಲೊಪಾಸ್ಕಲ್. ವಿಶಾಲ ಜಾಗವಾದ್ದರಿಂದ ಆಳಕ್ಕೆ ಹೋದಂತೆ ಅದು ಅಷ್ಟಾಗಿ ಕರಗುವುದಿಲ್ಲ, 23 ಮೀಟರಿಗೂ ಹೆಚ್ಚುಕಡಿಮೆ ಪೂರ್ತಿ ತಲುಪುತ್ತದೆ. ಕಟ್ಟಡದ 44 ಜೊತೆ ಸೇರಿ 80. ಅದೇ 0.4ರಲ್ಲಿ 111 ಮಿ.ಮೀ. ಇಳಿತ. ಮೇಲಿನ ಮೆದುಮಣ್ಣು ಇಳಿಯುವಾಗ ಪೈಲ್‌ಗಳನ್ನೂ ಕೆಳಕ್ಕೆ ಎಳೆಯುತ್ತದೆ, ಆ ಭಾರ ಬೇರೆ. ವಿನ್ಯಾಸದ 800ರಲ್ಲಿ ಅದು ಸೇರಿದೆಯೇ ಕೇಳಿ.

ಹೆಬ್ಬಂಡೆ: ತುಂಬಿಸಿದ ಮಣ್ಣಿನ ವಿಷಯ ಮೊದಲೇ ಹೇಳಿದ್ದರೆ ಚರ್ಚೆ ಬೇರೆಯಾಗುತ್ತಿತ್ತು. ಇನ್ನೆರಡು ಬೋರ್‌ಹೋಲ್ ಹಾಕಿಸಿ, ನನ್ನ ವಿರೋಧವಿಲ್ಲ. ಆದರೆ ವರದಿ ಬರುವ ಮುನ್ನ ಪೈಲ್ ಉದ್ದ ಹೆಚ್ಚಿಸಬೇಡಿ. ಉದ್ದ ಮಾಡಿ ತುದಿಯನ್ನು ಆ ಜೇಡಿಯ ನೆತ್ತಿಯ ಮೇಲೇ ತಂದು ನಿಲ್ಲಿಸಿದರೆ ಈಗಿರುವುದಕ್ಕಿಂತ ಕೆಟ್ಟದಾಗುತ್ತದೆ.

ಲೆಕ್ಕದ_ಹಾಳೆ: ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ.

ಅಳಿವೆ_ಸಿವಿಲ್: ನಾಳೆಯೇ ಪತ್ರ ಬರೆಯುತ್ತೇನೆ: ಲಿಫ್ಟ್ ಜಾಗದಲ್ಲಿ 35 ಮೀಟರಿನವರೆಗೆ ಎರಡು ಬೋರ್‌ಹೋಲ್, ಜೇಡಿಯಿಂದ ಕದಡದ ಸ್ಯಾಂಪಲ್, ಪೂರ್ವಸಂಕೋಚನ ಒತ್ತಡ (ಆ ಮಣ್ಣು ಹಿಂದೆ ಕಂಡ ಗರಿಷ್ಠ ಒತ್ತಡ) ತಿಳಿಯುವಂಥ ಪರೀಕ್ಷೆ. ಅಲ್ಲಿಯವರೆಗೆ ಲಿಫ್ಟ್ ಜಾಗದ ಪೈಲ್ ಕೆಲಸ ನಿಲ್ಲಿಸಬೇಕೆಂದೂ ಕೇಳುತ್ತೇನೆ.

ರಿಗ್_ಮೇಸ್ತ್ರಿ: ಸ್ಯಾಂಪಲ್ ತೆಗೆಯುವಾಗ ನೀವೇ ಸೈಟ್‌ನಲ್ಲಿರಿ. ತೆಳು ಗೋಡೆಯ ಕೊಳವೆಯನ್ನು ಸುತ್ತಿಗೆಯಿಂದ ಬಡಿಯಲು ಬಿಡಬೇಡಿ, ಒತ್ತಿಯೇ ಇಳಿಸಬೇಕು. ಮೇಲೆ ಬಂದ ಕೂಡಲೇ ಎರಡೂ ಬಾಯಿಗೆ ಮೇಣ ಹಾಕಿಸಿ, ನೆರಳಿನಲ್ಲಿ ಇಡಿಸಿ. ಲ್ಯಾಬ್‌ಗೆ ಹೋಗುವ ಗಾಡಿಯಲ್ಲಿ ಕಬ್ಬಿಣದ ಸಾಮಾನಿನ ಜೊತೆ ಉರುಳಿಸಿಕೊಂಡು ಹೋದರೆ ಆ ಮಣ್ಣು ಹೇಳುವ ಅಂಕಿಯನ್ನು ನಂಬುವಂತಿಲ್ಲ.