ದಂತದ್ದೆನ್ನುವ ನೆಟ್ಸುಕೆ: ಮೊದಲು ತಿರುಗಿಸಿ ಬೆನ್ನು ನೋಡಿ

ಪ್ರಶ್ನೆ: ನಮಸ್ಕಾರ. ಆನ್‌ಲೈನ್ ಹರಾಜಿನಲ್ಲಿ ಮಲಗಿದ ಎತ್ತಿನ ನೆಟ್ಸುಕೆಯೊಂದು (ಜಪಾನಿನ ಪುಟ್ಟ ಕೆತ್ತನೆಯ ಗುಂಡಿ) ಬಂದಿದೆ, ಉದ್ದ 5 ಸೆಂ.ಮೀ. ‘ಆನೆದಂತ, 18ನೇ ಶತಮಾನ, ತೊಮೊತಾದಾ ಸಹಿ ಇದೆ’ ಎಂದು ಬರೆದಿದ್ದಾರೆ. ಸಂದುಗೊಂದುಗಳಲ್ಲೆಲ್ಲ ಕಂದು ಬಣ್ಣ ಕೂತಿದೆ, ಹಳೆಯದೇ ಅನ್ನಿಸುತ್ತದೆ. ಕೈಗೆ ಬಂದಮೇಲೆ ಬಿಸಿ ಸೂಜಿ ಚುಚ್ಚಿ ಪರೀಕ್ಷಿಸಬಹುದೇ? ನಾನಿರುವುದು ಬೆಂಗಳೂರಿನಲ್ಲಿ.

ಉತ್ತರ: ಕಾನೂನಿನಿಂದಲೇ ಶುರುಮಾಡೋಣ ಸರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ತಿದ್ದುಪಡಿ ಆದಮೇಲೆ ಭಾರತದಲ್ಲಿ ಆನೆದಂತದ ವ್ಯಾಪಾರ ನಿಷಿದ್ಧ, ಆಫ್ರಿಕಾದ ದಂತವೂ ಅದರಲ್ಲಿ ಸೇರಿದೆ. ಅದು ನಿಜಕ್ಕೂ ದಂತವಾಗಿದ್ದರೆ ನೀವು ಕೊಳ್ಳುವಂತಿಲ್ಲ. ಅಲ್ಲದಿದ್ದರೆ ಮಾರುವವರ ಮಾತು ಸುಳ್ಳು. ಎರಡರಲ್ಲಿ ಯಾವುದಾದರೂ ಕೈಬಿಡುವುದೇ ಸರಿ. ಆದರೂ ಫೋಟೋಗಳನ್ನು ಬಿಡಬೇಡಿ, ಕಲಿಯುವುದಕ್ಕೆ ಒಳ್ಳೆಯ ಸರಕು.

ಎಲ್ಲರೂ ಮುಖ ನೋಡುತ್ತಾರೆ, ನೋಡಬೇಕಾದ್ದು ಬೆನ್ನು ಮತ್ತು ತಳ. ಜಪಾನೀಯರ ನಿಲುವಂಗಿ ಕಿಮೊನೊಗೆ ಜೇಬಿರಲಿಲ್ಲ. ತಂಬಾಕಿನ ಚೀಲ, ಔಷಧಿಯ ಇನ್ರೊ ಡಬ್ಬಿ ಎಲ್ಲವೂ ದಾರದಲ್ಲಿ ಒಬಿ ಎಂಬ ಸೊಂಟಪಟ್ಟಿಯಿಂದ ತೂಗುತ್ತಿದ್ದವು. ದಾರ ಒಬಿಯ ಹಿಂದಿನಿಂದ ಮೇಲೆ ಬಂದು, ಅದು ಜಾರದಂತೆ ಅಂಚಿನ ಮೇಲೆ ಕೂರುತ್ತಿದ್ದ ಗುಂಡಿಯೇ ನೆಟ್ಸುಕೆ. ದಾರಕ್ಕೆಂದು ಕೊರೆದ ಜೋಡಿ ರಂಧ್ರಕ್ಕೆ ಹಿಮೊತೊಶಿ ಅನ್ನುತ್ತಾರೆ. ಎಷ್ಟೋ ನೆಟ್ಸುಕೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡದರೊಳಗೆ ದಾರದ ಗಂಟು ಅಡಗಬೇಕಲ್ಲ, ಅದಕ್ಕೆ. ಕೆಲವೊಮ್ಮೆ ಕೊರೆಯುವುದೇ ಇಲ್ಲ, ಕಾಲಿನ ಸಂದಿಯೇ ರಂಧ್ರದ ಕೆಲಸ ಮಾಡುತ್ತದೆ. ದಾರ ಕಟ್ಟಿ ಮನಸ್ಸಿನಲ್ಲೇ ತೂಗಿಸಿ ನೋಡಿ: ಮುಖ ಹೊರಗೆ ಬರಬೇಕು. ತಲೆಕೆಳಗಾಗಿ ನೇತಾಡಿದರೆ, ಅಥವಾ ಕೊಂಬು, ಬಾಲ ಚೂಪಾಗಿ ಹೊರಚಾಚಿ ತೋಳಿನ ಬಟ್ಟೆಗೆ ಸಿಕ್ಕುವಂತಿದ್ದರೆ, ಅನುಮಾನ ಪಡಿ. ಅಲಂಕಾರಕ್ಕೆ ಮೇಜಿನ ಮೇಲಿಡುವ ಕೆತ್ತನೆಗೊಂಬೆ ಒಕಿಮೊನೊಗೆ ಆಮೇಲೆ ತೂತು ಕೊರೆದು ನೆಟ್ಸುಕೆ ಎಂದು ಮಾರುವುದು ಹಳೆಯ ಚಾಳಿ.

ಈಗ ಸವಕಲು. ಬಟ್ಟೆಗೆ ತಿಕ್ಕಿದ ಹಿಂಬದಿ, ಬೆರಳು ಮುಟ್ಟುವ ಉಬ್ಬು, ದಾರ ಎಳೆದ ರಂಧ್ರದ ಅಂಚು, ಇವು ಮಾತ್ರ ನುಣುಪಾಗಬೇಕು. ನೀವು ಹೇಳಿದ ಕಂದು ಬಣ್ಣ ಎಲ್ಲ ಗೆರೆಗಳಲ್ಲೂ ಒಂದೇ ಸಮನಾಗಿದ್ದರೆ ಅದು ಬಣ್ಣ ಬಳಿದು ಮೇಲ್ಮೈ ಒರೆಸಿದ್ದು. ರಂಧ್ರದೊಳಗೂ ಅದೇ ಬಣ್ಣ, ಅಂಚು ಮಾತ್ರ ಹೊಸ ಚಾಕುವಿನಂತೆ ಚೂಪು ಅಂದರೆ ಅಲ್ಲಿ ದಾರ ಓಡಾಡಿಲ್ಲ.

ಸಹಿಯನ್ನು ಕೊನೆಗಿಡಿ. ತೊಮೊತಾದಾ ಕ್ಯೋಟೋದ ಕೆತ್ತನೆಗಾರ, ಎತ್ತುಗಳಿಗೇ ಹೆಸರಾದವನು. 1781ರ ‘ಸೊಕೆನ್ ಕಿಶೊ’ ಗ್ರಂಥದಲ್ಲೇ ಅವನ ನಕಲುಗಳು ತುಂಬಿವೆ ಎಂಬ ಮಾತಿದೆ! ಒಳ್ಳೆಯ ನೆಟ್ಸುಕೆಗಳಲ್ಲಿ ಸಹಿಯಿಲ್ಲದವೂ ಬಹಳ.

ಬಿಸಿ ಸೂಜಿ ಮಾತ್ರ ಬೇಡವೇ ಬೇಡ. ಅಸಲಿಯಾದರೆ ಶಾಶ್ವತ ಕಲೆ ಉಳಿಯುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಧಗ್ಗೆಂದು ಹೊತ್ತಿಕೊಳ್ಳಬಹುದು.

ಮರುಪ್ರಶ್ನೆ: ಹಾಗಿದ್ದರೆ ಚುಚ್ಚದೆ ತಿಳಿಯುವುದು ಹೇಗೆ? ತಳದಲ್ಲಿ ಗೆರೆಗಳಿವೆ, ಅದೇ ದಂತದ ಗುರುತು ಎಂದು ಮಾರುವವರು ಹೇಳುತ್ತಾರೆ.

ಇನ್ನೊಬ್ಬರ ಉತ್ತರ: ಯಾವ ಗೆರೆ ಅನ್ನುವುದೇ ಪ್ರಶ್ನೆ. ಸಮಾನಾಂತರವಾಗಿ ಓಡುವ ಗೆರೆಗಳನ್ನು ಸೆಲ್ಯುಲಾಯ್ಡ್‌ನಲ್ಲೂ ಪದರ ಜೋಡಿಸಿ ಮಾಡುತ್ತಿದ್ದರು. ಆನೆದಂತದ ಅಡ್ಡಸೀಳಿನಲ್ಲಿ ಒಂದನ್ನೊಂದು ಕತ್ತರಿಸುವ ಬಲೆಯಂಥ ಶ್ರೆಗರ್ ಗೆರೆಗಳು ಕಾಣಬೇಕು. ದಂತದ ಹೊರಪದರದ ಹತ್ತಿರ ಈ ಗೆರೆಗಳು ಒಂದನ್ನೊಂದು ಕತ್ತರಿಸುವ ಕೋನ 115 ಡಿಗ್ರಿಗಿಂತ ಹೆಚ್ಚಿದ್ದರೆ ಈಗಿನ ಆನೆ, 90ಕ್ಕಿಂತ ಕಡಿಮೆಯಿದ್ದರೆ ಅಳಿದುಹೋದ ಆನೆಜಾತಿ ಮ್ಯಾಮತ್. ನಡುವಿನ ಅಳತೆ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಒಂದೇ ಜಾಗ ಅಳೆದು ತೀರ್ಮಾನಿಸಬೇಡಿ, ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ. ಉದ್ದಸೀಳಿನಲ್ಲಿ ಈ ಬಲೆ ಕಾಣುವುದೇ ಇಲ್ಲ.

10 ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ಸಣ್ಣ ಕಪ್ಪು ಚುಕ್ಕೆ, ಚಿಕ್ಕ ಗೀಟು ಕಂಡರೆ ಮೂಳೆ, ಅವು ರಕ್ತನಾಳ ಹಾದುಹೋದ ಗುರುತು. ಗುಂಡನೆಯ ಗಾಳಿಗುಳ್ಳೆ, ಪಕ್ಕದಲ್ಲಿ ಅಚ್ಚಿನ ಜೋಡಣೆಯ ಏಣು ಕಂಡರೆ ರಾಳದ ಎರಕ. ಅಚ್ಚಿನ ಮಾಲಿನಲ್ಲಿ ಸಹಿಯ ಗೀಟಿನ ತಳವೂ ಮೊಂಡಾಗಿ, ಮೆತ್ತಗೆ ಕಾಣುತ್ತದೆ. ಉಳಿಯ ಏಟು ಹಾಗಿರುವುದಿಲ್ಲ. ತೂಕ ನಂಬಬೇಡಿ, ರಾಳಕ್ಕೆ ಪುಡಿ ಬೆರೆಸಿ ಭಾರ ಮಾಡುತ್ತಾರೆ.

ಮರುಪ್ರಶ್ನೆ: ಸರಿ, ದಂತ ಬಿಟ್ಟೆ. ಮರದ್ದು ಕೊಂಡರೆ ಮಳೆಗಾಲದಲ್ಲಿ ಹೇಗೆ ಇಡುವುದು? ಎಣ್ಣೆ ಹಚ್ಚಬಹುದೇ?

ಉತ್ತರ: ಮರದ್ದೇ ಒಳ್ಳೆಯ ಆಯ್ಕೆ. ತ್ಸುಗೆ, ಅಂದರೆ ಜಪಾನಿನ ಬಾಕ್ಸ್‌ವುಡ್, ಎಳೆ ಬಲು ಸಣ್ಣ. ಕೂದಲಿನಷ್ಟು ತೆಳುವಾದ ಗೀಟನ್ನೂ ಹಿಡಿದಿಡುತ್ತದೆ. ಎಣ್ಣೆ ಬೇಡ, ಧೂಳು ಅಂಟಿಕೊಂಡು ಗೀಟುಗಳು ಮುಚ್ಚಿಹೋಗುತ್ತವೆ. ನೀರಿನಲ್ಲಿ ಅದ್ದಲೂ ಬೇಡ: ಕಣ್ಣಿಗೆ ಕೂರಿಸಿದ ಕೊಂಬಿನ ಚೂರು ಅಂಟು ಬಿಟ್ಟು ಉದುರುತ್ತದೆ, ಮರಕ್ಕೆ ಕೊಟ್ಟ ಬಣ್ಣವೂ ಬಿಡಬಹುದು. ಒಣ ಮೃದು ಬ್ರಷ್ ಸಾಕು. ಅರಗಿನ ಲೇಪ ಇದ್ದರೆ ಸ್ಪಿರಿಟ್ ಹತ್ತಿರವೂ ತರಬೇಡಿ.

ತೇವಾಂಶ ಶೇ. 45ರಿಂದ 55ರ ಒಳಗಿದ್ದರೆ ಚೆನ್ನ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ, ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಂದನ್ನೂ ಇಡಿ. ಮಂಗಳೂರು ಕಡೆಯವರು ಬೂಷ್ಟಿಗೆ ಹೆದರಿ ಜೆಲ್ ಸುರಿದು ಒಮ್ಮೆಲೇ ಒಣಗಿಸಿದರೆ ಮರ ಸೀಳುತ್ತದೆ. ಏರಿಳಿತ ನಿಧಾನವಾಗಿರಲಿ. ಡಬ್ಬಿಯೊಳಗೆ ಉಣ್ಣೆಬಟ್ಟೆ ಹಾಸಬೇಡಿ, ಹುಳ ಬರುತ್ತದೆ. ರಬ್ಬರ್ ಬ್ಯಾಂಡ್ ಸುತ್ತಲೂಬೇಡಿ.